ಅನ್ನವೂ ಅಧ್ಯಯನವೂ

ಪ್ರತಿವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ಪತ್ರಿಕೆಗಳಲ್ಲಿ ಕಾಲೇಜು ಪ್ರವೇಶದ ಸುದ್ದಿಗಳು ತುಂಬಿಕೊಳ್ಳುತ್ತವೆ. ಯಾವ ಕೋರ್ಸಿಗೆ ಎಷ್ಟು ಸೀಟು, ಯಾವ ಕಾಲೇಜಿನಲ್ಲಿ ಶುಲ್ಕವೆಷ್ಟು, ಕಳೆದ ಸಲ ಎಷ್ಟು ಅಂಕಕ್ಕೆ ಪಟ್ಟಿ ನಿಂತಿತು ಎಂಬ ವಿಚಾರಗಳನ್ನು ತಂದೆತಾಯಿಗಳೂ ಅಧ್ಯಾಪಕರೂ ಸಂಪಾದಕರೂ ಸಮಾನ ಶ್ರದ್ಧೆಯಿಂದ ಚರ್ಚಿಸುತ್ತಾರೆ. ಆದರೆ ಹಳ್ಳಿಯಿಂದ ಬಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿರುವ ಹುಡುಗನು ಮಧ್ಯಾಹ್ನ ಎಲ್ಲಿ ಉಣ್ಣುತ್ತಾನೆ, ರಾತ್ರಿ ಎಲ್ಲಿ ಮಲಗುತ್ತಾನೆ, ಮುಂಜಾನೆಯ ಬಸ್ಸಿಗೆ ಅವನ ಬಳಿ ಕಾಸುಂಟೆ ಎಂಬುದನ್ನು ಮಾತ್ರ ಆ ಅರ್ಜಿಯ ಯಾವ ಕಲಮೂ ಕೇಳುವುದಿಲ್ಲ. ವಿದ್ಯಾರ್ಥಿಯ ಅನ್ನ, ವಸತಿ, ಪ್ರಯಾಣಗಳು ವಿದ್ಯೆಯ ಹೊರಗಿನ ಸಂಗತಿಗಳೆಂದೂ, ಅವು ಮನೆಯವರೋ ಮಠದವರೋ ಸಮಾಜ ಕಲ್ಯಾಣ ಇಲಾಖೆಯವರೋ ನೋಡಿಕೊಳ್ಳತಕ್ಕವೆಂದೂ, ಕಾಲೇಜಿನ ಕೆಲಸ ಪಾಠ ಹೇಳಿ ಪರೀಕ್ಷೆ ನಡೆಸುವುದಷ್ಟೇ ಎಂದೂ ನಾವು ನಂಬಿಕೊಂಡು ಬಂದಿದ್ದೇವೆ. ಈ ನಂಬಿಕೆ ತಪ್ಪೆಂದೂ, ಅದರಿಂದ ಪ್ರತಿವರ್ಷ ಸಾವಿರಾರು ಮಂದಿ ತರುಣರ ಓದು ಕೆಡುತ್ತಿದೆಯೆಂದೂ ನನ್ನ ವಾದ.

ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ಭ್ರಮೆಯಿರಲಿಲ್ಲ. ವಾರಾನ್ನದ ಪದ್ಧತಿಯನ್ನು ಇಂದಿನ ತರುಣರು ತಾತಂದಿರ ಬಾಯಲ್ಲಿ ಕೇಳಿದ್ದರೂ ಕೇಳಿರಬಹುದು. ಪೇಟೆಯ ಶಾಲೆಗೋ ಕಾಲೇಜಿಗೋ ಓದಲೆಂದು ಬಂದ ಬಡಹುಡುಗನು ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ವಕೀಲರ ಮನೆ, ಮಂಗಳವಾರ ಅಮಲ್ದಾರರ ಮನೆ, ಬುಧವಾರ ಮೇಷ್ಟರ ಮನೆ ಎಂದು ವಾರವನ್ನು ಹಂಚಿಕೊಂಡು ಉಣ್ಣುತ್ತಿದ್ದನು. ಮನೆಯವರ ಪಂಕ್ತಿ ಮುಗಿಯುವ ತನಕ ಜಗಲಿಯಲ್ಲಿ ಕಾದು, ಬಡಿಸಿದ್ದನ್ನು ತಲೆತಗ್ಗಿಸಿ ಉಂಡು, ಎಲೆಯೆತ್ತಿ, ಉಂಡ ಜಾಗಕ್ಕೆ ಗೋಮಯ ಹಚ್ಚಿ, ಯಜಮಾನಿತಿ ಹೇಳಿದರೆ ಬಾವಿಯಿಂದ ಎರಡು ಕೊಡ ನೀರು ಸೇದಿಟ್ಟು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ತರಗತಿಗೆ ಓಡುತ್ತಿದ್ದ ಆ ಹುಡುಗನಿಗೆ, ಯಾವುದಾದರೂ ಮನೆಯಲ್ಲಿ ಸೂತಕ ಬಂದರೆ ಅಥವಾ ಯಜಮಾನರು ಸಂಸಾರಸಮೇತ ಊರಿಗೆ ಹೋದರೆ ಅಂದು ನಿರ್ಜಲ ಏಕಾದಶಿಯೇ ಸರಿ. ಉಣಬಡಿಸಿದ ತಾಯಂದಿರ ಔದಾರ್ಯವನ್ನು ನಾನು ಕಡಿಮೆಮಾಡಿ ಹೇಳುತ್ತಿಲ್ಲ. ಅಂಥ ಮನೆಗಳ ಋಣದಿಂದ ನ್ಯಾಯಾಧೀಶರೂ ಪಂಡಿತರೂ ಆದವರು ನಾಡಿನಲ್ಲಿ ಬೇಕಾದಷ್ಟು ಮಂದಿ. ಆದರೆ ಅದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳು ಹಾಕುತ್ತಿದ್ದ ಅನ್ನ. ಒಕ್ಕಲಿಗರ, ಕುರುಬರ, ಹೊಲೆಯ ಮಾದಿಗರ ಹುಡುಗನು ಅಂಥ ಯಾವ ಜಗಲಿಯನ್ನೂ ಹತ್ತುವಂತಿರಲಿಲ್ಲ.

ವಾರಾನ್ನವಿಲ್ಲದಿದ್ದರೆ ಮನೆಪಾಠ. ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಉಳ್ಳವರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರೆಂಬುದು ಎಲ್ಲರೂ ಬಲ್ಲ ಸಂಗತಿ.

ಈ ದೈನ್ಯದಿಂದ ವಿದ್ಯಾರ್ಥಿಯನ್ನು ಪಾರುಮಾಡಬೇಕೆಂಬ ವಿಚಾರ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೊಳೆತು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಬ್ಬಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತವರ್ಗಗಳಿಗಾಗಿ ಸ್ಥಾಪಿಸಿದ ಮಿಷನ್ನು ಶಾಲೆಯ ಜೊತೆಗೆ ವಸತಿಯನ್ನೂ ಕೆಲಸಬೊಗಸೆಯನ್ನೂ ಕಲ್ಪಿಸಲು ಹೊರಟಿತು. ಕೊಲ್ಲಾಪುರದ ಶಾಹು ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗನ್ನು ತೆರೆದುದಲ್ಲದೆ, ಅಲ್ಲಿಂದ ಮುಂದೆ ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಒಂದೊಂದಾಗಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿಸುತ್ತ ಹೋದರು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ ದೇಶದ ಉಪರಾಷ್ಟ್ರಪತಿಗಳೂ ಆದ ಬಿ.ಡಿ. ಜತ್ತಿಯವರು ಜಮಖಂಡಿಯ ಕಡೆಯಿಂದ ಕಾಲೇಜು ಓದಿಗೆ ಹೋದುದು ಆ ಕೊಲ್ಲಾಪುರಕ್ಕೇ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದನಿಲಯ, ಮೈಸೂರಿನಲ್ಲಿ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಆರಂಭಿಸಿದ ವಿದ್ಯಾರ್ಥಿನಿಲಯ, ಬೆಂಗಳೂರಿನ ರೈಲುನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಮತ್ತು ವಿದ್ಯಾರ್ಥಿನಿಲಯ, ಇವೆಲ್ಲ ಒಂದೇ ವಿಚಾರದ ಬೇರೆಬೇರೆ ಕವಲುಗಳು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ತಮ್ಮ ನೂರಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಮಠದಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳು ದಿನವೂ ಉಂಡು ಓದುತ್ತಿದ್ದರು. ಆ ಮಠದ ತ್ರಿವಿಧ ದಾಸೋಹವನ್ನು ಜನ ಅನ್ನ, ಅಕ್ಷರ, ಆಶ್ರಯ ಎಂದು ಹೇಳುವಾಗ ಯಾವುದು ಮೊದಲು ಬರುತ್ತದೆಂಬುದನ್ನು ಓದುಗರು ಗಮನಿಸಬೇಕು.

ಈ ಮಹತ್ಕಾರ್ಯದ ಮಿತಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗುತ್ತದೆ. ಕೆಲವನ್ನು ಬಿಟ್ಟರೆ ಆ ವಿದ್ಯಾರ್ಥಿನಿಲಯಗಳು ಒಂದೊಂದು ಜಾತಿಯವರು ತಮ್ಮತಮ್ಮ ಹುಡುಗರಿಗಾಗಿ ಕಟ್ಟಿಕೊಂಡವು. ಬೆಂಗಳೂರು ಮೈಸೂರುಗಳ ಹಳೆಯ ಬೀದಿಗಳಲ್ಲಿ ಇಂದಿಗೂ ಜಾತಿಯ ಹೆಸರನ್ನು ಹೊತ್ತ ಅವುಗಳ ಫಲಕಗಳನ್ನು ಕಾಣಬಹುದು. ದಾನಿಗಳಿಲ್ಲದ ಜಾತಿಯ ಹುಡುಗ, ಜಾತಿಯುಂಟಾದರೂ ಶಿಫಾರಸು ಪತ್ರ ಬರೆಯತಕ್ಕವರಿಲ್ಲದ ಹುಡುಗ, ಎಲ್ಲಕ್ಕಿಂತ ಮಿಗಿಲಾಗಿ ಹೆಣ್ಣುಮಗಳು, ಇವರೆಲ್ಲ ಹೊರಗೇ ಉಳಿದರು. ದಾನವು ಎಷ್ಟೇ ದೊಡ್ಡದಾದರೂ ದಾನಿಯ ದೃಷ್ಟಿ ಬಿದ್ದಷ್ಟು ದೂರ ಮಾತ್ರ ಹೋಗಬಲ್ಲದು.

ಆ ದೃಷ್ಟಿಗೆ ಆಚೆಯವರನ್ನು ತಲುಪುವ ಹೊಣೆಯನ್ನು ಸರ್ಕಾರ ಹೊತ್ತಿತು. ಡಾ. ಅಂಬೇಡ್ಕರ್ ಅವರು ವೈಸರಾಯ್ ಕಾರ್ಯಾಂಗ ಮಂಡಲಿಯ ಸದಸ್ಯರಾಗಿದ್ದ ಕಾಲದಲ್ಲಿಯೇ, ಅಂದರೆ 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಕರ್ನಾಟಕದಲ್ಲಿ ದೇವರಾಜ ಅರಸರ ಆಡಳಿತವು ಹಾವನೂರು ಆಯೋಗವನ್ನು ನೇಮಿಸಿ, 1975ರಲ್ಲಿ ಅದರ ವರದಿಯನ್ನು ಪಡೆದು, ಹಿಂದುಳಿದ ವರ್ಗಗಳಿಗಾಗಿ ಪ್ರತ್ಯೇಕ ಇಲಾಖೆಯನ್ನೇ ರಚಿಸಿದ ಮೇಲೆ, ತಾಲ್ಲೂಕು ತಾಲ್ಲೂಕಿಗೂ ಹಾಸ್ಟೆಲುಗಳು ಎದ್ದವು. ಹಳ್ಳಿಯಿಂದ ಬಂದು ಬಿ.ಸಿ.ಎಂ. ಹಾಸ್ಟೆಲಿನಲ್ಲಿಯೋ ಎಸ್.ಸಿ.ಎಸ್.ಟಿ. ಹಾಸ್ಟೆಲಿನಲ್ಲಿಯೋ ಮುದ್ದೆ ಸಾರು ಉಂಡು ಬಿ.ಎ. ಮಾಡಿದವರ ತಲೆಮಾರೊಂದು ಇಂದು ನಮ್ಮ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಶಾಸನಸಭೆಯಲ್ಲಿಯೂ ಕುಳಿತಿದೆ. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯನ್ನು ಓದಿದವರಿಗೆ ಗೊತ್ತು, ಬೆಂಗಳೂರಿನ ಹಾಸ್ಟೆಲು ಆ ಹುಡುಗರಿಗೆ ಅನ್ನದ ಜಾಗ ಮಾತ್ರವಾಗಿರಲಿಲ್ಲ, ವಾದ, ಭಾಷಣ, ಪುಸ್ತಕ, ಚಳವಳಿ ಎಲ್ಲವೂ ಆ ಸಾರಿನ ವಾಸನೆಯ ನಡುವೆಯೇ ಹುಟ್ಟಿದವು. ಕಳೆದ ಅರ್ಧ ಶತಮಾನದ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಹಾಸ್ಟೆಲಿನ ಅಡುಗೆಭಟ್ಟರಿಗೂ ಒಂದು ಪುಟವನ್ನು ಮೀಸಲಿಡುವುದು ನ್ಯಾಯ.

ಇಲ್ಲಿ ಹಿರಿಯರೊಬ್ಬರು ಎದ್ದು ನಿಲ್ಲುತ್ತಾರೆ. ಎಲ್ಲ ಸಭೆಗಳಲ್ಲಿಯೂ ಅವರು ಎದ್ದು ನಿಲ್ಲುವುದುಂಟು. ‘ನಾವು ಬೀದಿದೀಪದ ಕೆಳಗೆ ಓದಿದವರು, ಹರಕಲು ಚಡ್ಡಿಯಲ್ಲಿ ಓದಿದವರು, ಈಗಿನವರಿಗೆ ಎಲ್ಲವೂ ಪುಕ್ಕಟೆಯಾಗಿ ಬೇಕು’ ಎಂಬುದು ಅವರ ಆಕ್ಷೇಪ. ಅವರ ಕಷ್ಟವನ್ನು ನಾನು ಅನುಮಾನಿಸುವುದಿಲ್ಲ. ಎಚ್. ನರಸಿಂಹಯ್ಯನವರು 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಗೌರಿಬಿದನೂರಿನ ಬಳಿಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದರು, ಮುಂದೆ ಭೌತಶಾಸ್ತ್ರದಲ್ಲಿ ಅಮೆರಿಕದಿಂದ ಡಾಕ್ಟರೇಟು ಪಡೆದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನಡಿಗೆಯನ್ನು ಹೇಳಿ ನಿಲ್ಲಿಸಿಬಿಡುತ್ತಾರೆ. ಆದರೆ ನಡೆದುಬಂದ ಹುಡುಗನಿಗೆ ಬೆಂಗಳೂರಿನಲ್ಲಿ ಬಡ ವಿದ್ಯಾರ್ಥಿಗಳಿಗೆಂದೇ ನಡೆಯುತ್ತಿದ್ದ ವಸತಿಯೊಂದು ಬಾಗಿಲು ತೆರೆದಿತ್ತು. ಅದನ್ನು ಅವರು ಕೊನೆಯತನಕ ಮರೆಯಲಿಲ್ಲ, ಮದುವೆಯಾಗದೆ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿಯೇ ವಿದ್ಯಾರ್ಥಿಗಳ ನಡುವೆ ಆಯುಷ್ಯವನ್ನು ಸವೆಸಿದರು. ಅದಿರಲಿ. ಅದೇ ಕಾಲದಲ್ಲಿ ಅದೇ ಬಗೆಯ ಹಳ್ಳಿಗಳಿಂದ ಹೊರಟು, ಪೇಟೆಯಲ್ಲಿ ತಂಗಲು ತಾಣ ಕಾಣದೆ, ತಿಂಗಳೊಪ್ಪತ್ತಿನಲ್ಲಿ ಹಿಂತಿರುಗಿ ನೇಗಿಲು ಹಿಡಿದವರು ಎಷ್ಟು ಮಂದಿಯೋ ಬಲ್ಲವರಾರು? ಅವರಾರೂ ಆತ್ಮಕಥೆ ಬರೆಯಲಿಲ್ಲ. ಗೆದ್ದುಬಂದವರ ಸಾಕ್ಷ್ಯವೊಂದನ್ನೇ ಕೇಳಿ ಹಸಿವೆಯು ಓದಿಗೆ ಒಳ್ಳೆಯದೆಂದು ತೀರ್ಪು ಕೊಡುವ ನ್ಯಾಯಾಲಯ ಬೇರೆಲ್ಲಿಯೂ ಇರಲಾರದು.

ಬಡತನವು ಬುದ್ಧಿಯನ್ನು ಹರಿತಗೊಳಿಸುತ್ತದೆಂಬ ಮಾತಿಗೆ ಶಾಸ್ತ್ರದ ಆಧಾರವೂ ಇಲ್ಲ. ನೆರೆಯ ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರನ್ನು ಕುರಿತು ನಡೆದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ಬೋಧಪ್ರದವಾಗಿದೆ. ಕಬ್ಬಿನವನಿಗೆ ವರ್ಷಕ್ಕೊಮ್ಮೆ ಕೊಯ್ಲಿನ ಹೊತ್ತಿಗೆ ಹಣ ಬರುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಅವನು ಒಡವೆಯನ್ನು ಗಿರವಿಯಿಟ್ಟು, ಕೈಸಾಲ ಮಾಡಿ ದಿನ ನೂಕುತ್ತಿರುತ್ತಾನೆ. ಸಂಶೋಧಕರು ಅದೇ ರೈತನಿಗೆ ಕೊಯ್ಲಿನ ಮುಂಚೆ ಒಮ್ಮೆಯೂ ಕೊಯ್ಲಿನ ಅನಂತರ ಒಮ್ಮೆಯೂ ಬುದ್ಧಿಶಕ್ತಿಯ ಪರೀಕ್ಷೆಗಳನ್ನು ಕೊಟ್ಟರು. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ತಪ್ಪುತ್ತಿದ್ದ ಅದೇ ಮನುಷ್ಯ, ಹಣ ಬಂದ ಮೇಲೆ ಗಣನೀಯವಾಗಿ ಚೆನ್ನಾಗಿ ಉತ್ತರಿಸಿದನು. ಆ ನಡುವೆ ಅವನ ತಲೆ ಬದಲಾಗಿರಲಿಲ್ಲ. ತಲೆಯೊಳಗೆ ಕುಳಿತಿದ್ದ ಚಿಂತೆ ಎದ್ದುಹೋಗಿತ್ತು. ಪರೀಕ್ಷಾಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರವಾಗಿರುವಾಗ, ರೂಮಿನ ಬಾಡಿಗೆ ಎರಡು ತಿಂಗಳು ಬಾಕಿಯಿರುವಾಗ, ಮೂರನೆಯ ಬೆಂಚಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿರುವ ಹುಡುಗನಿಗೆ ‘ಗಮನ ಎಲ್ಲಿದೆಯಯ್ಯಾ?’ ಎಂದು ಗದರುವ ಮುನ್ನ ಅಧ್ಯಾಪಕರು ಈ ರೈತನನ್ನು ನೆನೆಯುವುದು ಉಚಿತ.

ಈಗ ನಮ್ಮ ತಾಲ್ಲೂಕು ಕಾಲೇಜಿನ ಒಂದು ದಿನವನ್ನು ನೋಡೋಣ. ಇಪ್ಪತ್ತೈದು ಮೂವತ್ತು ಕಿಲೋಮೀಟರು ದೂರದ ಹಳ್ಳಿಗೆ ಮೊದಲ ಬಸ್ಸು ಬರುವುದು ಬೆಳಗ್ಗೆ ಏಳಕ್ಕೆ, ಎರಡನೆಯದು ಹತ್ತೂವರೆಗೆ. ಒಂಬತ್ತೂವರೆಯ ತರಗತಿಗೆ ಬರಬೇಕಾದವನಿಗೆ ಏಳರ ಬಸ್ಸೇ ಗತಿ. ಕೂಲಿಗೆ ಹೋಗುವ ತಾಯಿ ಅಷ್ಟು ಹೊತ್ತಿಗೆ ಅಡುಗೆಮಾಡಿ ಡಬ್ಬಿ ಕಟ್ಟಿಕೊಡುವುದು ವಾರದಲ್ಲಿ ಎರಡು ಮೂರು ದಿನ ಸಾಧ್ಯವಾದೀತು. ಉಳಿದ ದಿನ ಮಗ ಒಂದು ಲೋಟ ಟೀ ಕುಡಿದು ಹೊರಡುತ್ತಾನೆ. ಮಧ್ಯಾಹ್ನ ಗಂಟೆ ಹೊಡೆದ ಮೇಲೆ, ಡಬ್ಬಿ ತಂದವರು ಮರದ ಕಟ್ಟೆಯ ಮೇಲೆ ಗುಂಪುಗೂಡಿ ಮುಚ್ಚಳ ತೆಗೆಯುತ್ತಾರೆ. ಕಾಸಿದ್ದವರು ಗೇಟಿನ ಎದುರಿನ ಬೇಕರಿಗೆ ಹೋಗಿ ಪಫ್ಸೋ ಬನ್ನೋ ತಿನ್ನುತ್ತಾರೆ. ಎರಡೂ ಇಲ್ಲದವರು ಗ್ರಂಥಾಲಯದಲ್ಲಿ ಬೆಳಗ್ಗಿನ ದಿನಪತ್ರಿಕೆಯನ್ನು ಮತ್ತೆ ಬಿಡಿಸಿಕೊಂಡು ಕೂರುತ್ತಾರೆ, ಇಲ್ಲವೆ ನಲ್ಲಿಯ ನೀರು ಕುಡಿದು ಮೈದಾನದಲ್ಲಿ ಅಡ್ಡಾಡುತ್ತಾರೆ. ‘ಊಟ ಆಯ್ತೇನೋ?’ ಎಂದು ಮೇಷ್ಟರು ಕೇಳಿದರೆ, ‘ಬೆಳಗ್ಗೆನೇ ಜಾಸ್ತಿ ತಿಂದ್ಬಿಟ್ಟೆ ಸಾರ್, ಹಸಿವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಧ್ಯಾಹ್ನದ ಮೊದಲ ಪೀರಿಯಡ್ಡು ಯಾವ ವಿಷಯದ್ದಾದರೂ ಮೇಷ್ಟರುಗಳು ಅದನ್ನು ಬೇಡವೆನ್ನುವುದು ಸುಮ್ಮನೆ ಅಲ್ಲ.

ಲಗ್ನದ ತಿಂಗಳುಗಳು ಬಂದವೆಂದರೆ ಹಾಜರಿ ಇಳಿಯುತ್ತದೆ. ಹುಡುಗರು ಮದುವೆಗೆ ಹೋಗುವುದು ನಿಜ, ಆದರೆ ನೆಂಟರಾಗಿ ಅಲ್ಲ. ಕೇಟರಿಂಗಿನವರು ಒದಗಿಸಿದ ಒಂದೇ ಬಣ್ಣದ ಅಂಗಿ ತೊಟ್ಟು, ಹಿಂದಿನ ಸಂಜೆಯ ಆರತಕ್ಷತೆಯಿಂದ ಹಿಡಿದು ಮರುದಿನದ ಕೊನೆಯ ಪಂಕ್ತಿಯ ತನಕ ಬಡಿಸಿ, ಕೈಗೆ ಬಂದ ಹಣವನ್ನೂ ಹೊಟ್ಟೆ ತುಂಬಿದ ಊಟವನ್ನೂ ಪಡೆದು ನಡುಹಗಲಲ್ಲಿ ಮನೆಗೆ ಬಂದು ಮಲಗುತ್ತಾರೆ. ಪೇಟೆಯ ಹುಡುಗರಾದರೆ ಮುಂಜಾವಿನಲ್ಲಿ ಪತ್ರಿಕೆ ಹಂಚುತ್ತಾರೆ, ರಾತ್ರಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತಾರೆ, ಬೈಕು ಇದ್ದವರು ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುತ್ತಾರೆ. ವಿಶ್ವವಿದ್ಯಾನಿಲಯದ ನಿಯಮವು ಶೇಕಡ 75 ಹಾಜರಿಯನ್ನು ಕೇಳುತ್ತದೆ. ಕಡಿಮೆಬಿದ್ದವರ ಹೆಸರುಗಳು ಸೂಚನಾಫಲಕದಲ್ಲಿ ಪ್ರಕಟವಾಗುತ್ತವೆ. ಹೇಗೆ ಕಡಿಮೆಬಿತ್ತೆಂದು ಕೇಳುವ ಕ್ರಮ ಮಾತ್ರ ನಮ್ಮಲ್ಲಿಲ್ಲ.

ಈ ಹುಡುಗನಿಗೆ ಎರಡು ಮೂರು ವರ್ಷಗಳ ಹಿಂದೆ, ಹತ್ತನೆಯ ತರಗತಿಯಲ್ಲಿದ್ದಾಗ, ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಸಿಗುತ್ತಿತ್ತೆಂಬುದನ್ನು ಇಲ್ಲಿ ನೆನಪಿಸಬೇಕು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿದ ಮೇಲೆ, 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ ತೊಡಗಿದ ಅಕ್ಷರ ದಾಸೋಹವು ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ಏರಿತು. 2013ರಿಂದ ಹಾಲೂ ಸೇರಿತು. ಹತ್ತನೆಯ ತರಗತಿ ಮುಗಿದ ಜೂನ್ ತಿಂಗಳಲ್ಲಿ ಅವನು ಪಿ.ಯು.ಸಿ.ಗೆ ಹೆಸರು ಬರೆಸುತ್ತಾನೆ, ಅಲ್ಲಿಗೆ ಊಟ ನಿಲ್ಲುತ್ತದೆ. ಅದೇ ಆವರಣದಲ್ಲಿ ಪ್ರೌಢಶಾಲೆಯೂ ಪದವಿಪೂರ್ವ ಕಾಲೇಜೂ ಇರುವ ಎಷ್ಟೋ ಊರುಗಳಲ್ಲಿ, ತಂಗಿಯು ಉಣ್ಣುತ್ತಿರುವಾಗ ಅಣ್ಣನು ದೂರದಿಂದ ನೋಡುತ್ತಾನೆ. ಹದಿನೈದು ವರ್ಷಕ್ಕೆ ಇದ್ದ ಹಸಿವು ಹದಿನಾರಕ್ಕೆ ಇರುವುದಿಲ್ಲವೆಂದು ಯಾವ ವೈದ್ಯರು ಹೇಳಿದರೋ ತಿಳಿಯದು. ದೂರ ಹೆಚ್ಚುವುದು, ಖರ್ಚು ಹೆಚ್ಚುವುದು, ಓದಿನ ಭಾರ ಹೆಚ್ಚುವುದು, ದುಡಿಯಬಲ್ಲ ಮೈ ಬಂದಿತೆಂದು ಮನೆಯವರು ಲೆಕ್ಕಹಾಕುವುದು, ಎಲ್ಲವೂ ಕೂಡುವ ಘಟ್ಟದಲ್ಲಿಯೇ ಸರ್ಕಾರದ ಅನ್ನ ಹಿಂದೆ ಸರಿಯುತ್ತದೆ.

ಹಾಸ್ಟೆಲುಗಳಿಲ್ಲವೆ ಎಂದರೆ, ಇವೆ. ಆದರೆ ಅರ್ಜಿ ಹಾಕಿದವರೆಲ್ಲರಿಗೂ ಅಲ್ಲಿ ಜಾಗವಿಲ್ಲ, ಮತ್ತು ತರಗತಿಗಳು ಆರಂಭವಾಗಿ ವಾರಗಳು ಕಳೆದ ಮೇಲೆ ಆಯ್ಕೆಯ ಪಟ್ಟಿ ಹೊರಡುವುದು ಅಪೂರ್ವವೇನಲ್ಲ. ಆ ನಡುವಿನ ವಾರಗಳಲ್ಲಿ ಹುಡುಗನು ಯಾರದೋ ರೂಮಿನ ಮೂಲೆಯಲ್ಲಿ ಚಾಪೆ ಹಾಸಬೇಕು. ಹಾಸ್ಟೆಲು ದೊರೆಯದವರಿಗೆಂದು 2013-14ರಲ್ಲಿ ವಿದ್ಯಾಸಿರಿ ಯೋಜನೆ ಬಂದಿತು. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡತಕ್ಕ ಆ ವಿಚಾರ ಶ್ಲಾಘನೀಯವಾದದ್ದೇ. ಆರಂಭದ ಆ ಮೊತ್ತವನ್ನು ದಿನಕ್ಕೆ ಹಂಚಿದರೆ 50 ರೂಪಾಯಿ ಬೀಳುತ್ತದೆ. ಅದರಲ್ಲಿ ಊಟವೂ ಅಡಗಬೇಕು, ಬಾಡಿಗೆಯೂ ಅಡಗಬೇಕು.

ಮೊತ್ತಕ್ಕಿಂತ ದೊಡ್ಡ ತೊಡಕು ಕಾಲದ್ದು. ವಿದ್ಯಾರ್ಥಿವೇತನದ ಅರ್ಜಿ ಹಾಕಲು ಹುಡುಗಿಯೊಬ್ಬಳು ಸೈಬರ್ ಸೆಂಟರಿನ ಸಾಲಿನಲ್ಲಿ ನಿಂತಿರುವುದನ್ನು ಯಾವ ತಾಲ್ಲೂಕಿನಲ್ಲಿಯಾದರೂ ಕಾಣಬಹುದು. ಜಾತಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಬೇಕು, ಆದಾಯದ್ದೂ ಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಆಧಾರಿನಲ್ಲಿ ಹಿಂದಿದೆ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂದು ಬ್ಯಾಂಕಿನವರು ಹೇಳುತ್ತಾರೆ, ಆಗಿಲ್ಲ ಎಂದು ಪೋರ್ಟಲು ಹೇಳುತ್ತದೆ. ಮೊಬೈಲಿಗೆ ಬರಬೇಕಾದ ಓ.ಟಿ.ಪಿ. ಅಪ್ಪನ ಫೋನಿಗೆ ಹೋಗುತ್ತದೆ, ಅಪ್ಪ ತೋಟದಲ್ಲಿದ್ದಾರೆ. ಪ್ರತಿಯೊಂದು ಸಲ ಬಂದಾಗಲೂ ಸೆಂಟರಿನವನಿಗೆ ಶುಲ್ಕ ಕೊಡಬೇಕು, ಒಂದು ದಿನದ ತರಗತಿ ಬಿಡಬೇಕು. ಇಷ್ಟೆಲ್ಲ ಆಗಿ ಅರ್ಜಿ ಮಂಜೂರಾದರೂ ಹಣ ಖಾತೆಗೆ ಬೀಳುವುದು ಬಹಳ ಸಲ ವರ್ಷಾಂತ್ಯದಲ್ಲಿ, ಒಮ್ಮೊಮ್ಮೆ ಮುಂದಿನ ವರ್ಷದಲ್ಲಿ. ಜುಲೈ ತಿಂಗಳ ಬಾಡಿಗೆಯನ್ನು ಏಪ್ರಿಲ್ ತಿಂಗಳಲ್ಲಿ ಬಂದ ಹಣ ಕಟ್ಟಲಾರದು. ಅದು ಅಷ್ಟರಲ್ಲಿ ಬಡ್ಡಿಯ ಸಾಲವಾಗಿ ಬೆಳೆದಿರುತ್ತದೆ, ಇಲ್ಲವೆ ಓದು ನಿಂತಿರುತ್ತದೆ. ತಡವಾಗಿ ಕೊಟ್ಟ ವಿದ್ಯಾರ್ಥಿವೇತನವನ್ನು ಖರ್ಚಿನ ಪುಸ್ತಕದಲ್ಲಿ ಬರೆದುಕೊಳ್ಳುವ ಅಧಿಕಾರ ಇಲಾಖೆಗಿರಬಹುದು, ಅದರಿಂದ ವಿದ್ಯಾರ್ಥಿಯು ಓದಿದನೆಂದು ಹೇಳಿಕೊಳ್ಳುವ ಅಧಿಕಾರವಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಒಳ್ಳೆಯ ಮಾತನ್ನು ಹೇಳಬಹುದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರ ಪ್ರಯಾಣ ಉಚಿತವಾಯಿತು. ಬಸ್ಸು ಬರುವ ಊರಿನ ಹುಡುಗಿಗೆ ಕಾಲೇಜು ಅಷ್ಟರಮಟ್ಟಿಗೆ ಹತ್ತಿರವಾಯಿತು. ಬಸ್ಸುಗಳ ಸಂಖ್ಯೆ ಅದಕ್ಕೆ ತಕ್ಕಂತೆ ಬೆಳೆಯದೆ ಬಾಗಿಲಲ್ಲಿ ಜೋತಾಡುವ ಸ್ಥಿತಿ ಬಂದಿದ್ದರೆ, ಅದು ಬೇಡಿಕೆ ಎಷ್ಟಿತ್ತೆಂಬುದಕ್ಕೇ ಪ್ರಮಾಣ. ಆದರೆ ಬಸ್ಸಿಳಿದು ಕಾಲೇಜಿಗೆ ಬಂದವಳಿಗೆ ಚಿಲಕವಿರುವ, ನೀರಿರುವ ಶೌಚಾಲಯವೊಂದು ಬೇಕೆಂಬುದನ್ನು ಎಷ್ಟು ಆಡಳಿತ ಮಂಡಲಿಗಳು ಗಂಭೀರವಾಗಿ ಯೋಚಿಸಿವೆ? ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ನೀರನ್ನೇ ಕುಡಿಯದೆ ದಿನ ಕಳೆಯುವ ಹುಡುಗಿಯರಿದ್ದಾರೆ. ಕಾರಣವನ್ನು ಅವರು ಹೇಳುವುದಿಲ್ಲ, ಉಪನ್ಯಾಸಕಿಯರಿಗೆ ಹೇಳದೆಯೇ ಗೊತ್ತು.

ಸಂಪನ್ನ ದೇಶಗಳಲ್ಲಿ ಈ ಕೊರತೆಯಿಲ್ಲವೆಂದು ಯಾರೂ ತಿಳಿಯಬಾರದು. ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳೇ 1993ರಲ್ಲಿ ತಮ್ಮ ಹಸಿದ ಸಹಪಾಠಿಗಳಿಗಾಗಿ ದಿನಸಿಯ ಉಗ್ರಾಣವೊಂದನ್ನು ತೆರೆದರು. ಇಂದು ಅಂಥವು ಆ ದೇಶದ ನೂರಾರು ಕಾಲೇಜುಗಳಲ್ಲಿವೆ. ಸರ್ಕಾರದ ಆಹಾರ ನೆರವಿಗೆ ಅರ್ಹರಾಗಿರಬಹುದಾದ ಮೂವತ್ತಮೂರು ಲಕ್ಷ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಪಡೆಯುತ್ತಲೇ ಇರಲಿಲ್ಲವೆಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2018ರ ವರದಿಯಲ್ಲಿ ತೋರಿಸಿತು. ನಮಗೆ ಹೆಚ್ಚು ಪಾಠ ಹೇಳತಕ್ಕದ್ದು ನ್ಯೂಯಾರ್ಕಿನ ನಗರ ವಿಶ್ವವಿದ್ಯಾನಿಲಯದ ಪ್ರಯೋಗ. ಬಡ ವಿದ್ಯಾರ್ಥಿಗಳೇ ಹೆಚ್ಚಾಗಿ ಸೇರುವ ತನ್ನ ಎರಡು ವರ್ಷದ ಕಾಲೇಜುಗಳಲ್ಲಿ ಅದು 2007ರಲ್ಲಿ ಒಂದು ಕ್ರಮವನ್ನು ಆರಂಭಿಸಿತು: ನೆರವು ಸಾಲದೆ ಉಳಿದ ಬೋಧನಾಶುಲ್ಕವನ್ನು ಮನ್ನಾಮಾಡುವುದು, ಪಠ್ಯಪುಸ್ತಕಗಳಿಗೆ ಹಣ ಕೊಡುವುದು, ನಗರದ ರೈಲು ಬಸ್ಸುಗಳ ಮಾಸಿಕ ಪಾಸನ್ನು ಕೈಗಿಡುವುದು, ಮತ್ತು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ವಿಚಾರಿಸುವ ಸಲಹೆಗಾರರನ್ನು ನೇಮಿಸುವುದು. ಚೀಟಿಯೆತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪುಮಾಡಿ ಮೂರು ವರ್ಷ ಕಾದು ನೋಡಿದಾಗ, ಈ ಸೌಕರ್ಯ ಪಡೆದವರಲ್ಲಿ ಶೇಕಡ 40 ಮಂದಿಯೂ ಪಡೆಯದವರಲ್ಲಿ ಶೇಕಡ 22 ಮಂದಿಯೂ ಪದವಿ ಪೂರೈಸಿದ್ದರು. ಎರಡು ಗುಂಪಿನವರ ಬುದ್ಧಿಯಲ್ಲಾಗಲಿ ಅಧ್ಯಾಪಕರಲ್ಲಾಗಲಿ ವ್ಯತ್ಯಾಸವಿರಲಿಲ್ಲವೆಂಬುದನ್ನು ಗಮನಿಸಿದರೆ, ಒಂದು ಬಸ್ಸಿನ ಪಾಸಿಗೂ ಒಂದು ಪದವಿಗೂ ಇರುವ ನಂಟು ಮನದಟ್ಟಾಗುತ್ತದೆ. ಆ ಪಾಸನ್ನು ಕೊಡುತ್ತಿದ್ದುದು ಕಾಲೇಜೇ; ಬೇರೆ ಇಲಾಖೆಯ ಬಾಗಿಲಿಗೆ ಹುಡುಗನನ್ನು ಅಟ್ಟುತ್ತಿರಲಿಲ್ಲ.

ನಮ್ಮಲ್ಲಿ ಕೊರತೆಯಿರುವುದು ಇಲ್ಲಿಯೇ. ಹಾಸ್ಟೆಲು ಒಂದು ಇಲಾಖೆಗೆ, ವೇತನ ಮತ್ತೊಂದಕ್ಕೆ, ಬಸ್ಸು ಮಗುದೊಂದಕ್ಕೆ, ಪಾಠ ಕಾಲೇಜು ಶಿಕ್ಷಣ ಇಲಾಖೆಗೆ ಸೇರಿವೆ. ಈ ನಾಲ್ಕನ್ನೂ ಒಟ್ಟಿಗೆ ಹೊತ್ತಿರುವವನು ವಿದ್ಯಾರ್ಥಿಯೊಬ್ಬನೇ. ರಾಜ್ಯದಲ್ಲಿ ನಾನೂರಕ್ಕೂ ಮಿಕ್ಕ ಸರ್ಕಾರಿ ಪದವಿ ಕಾಲೇಜುಗಳಿವೆ. ಅವುಗಳ ಪ್ರತಿಯೊಂದು ಕಚೇರಿಯಲ್ಲಿಯೂ ಒಬ್ಬ ಗುಮಾಸ್ತರನ್ನು ಇದೊಂದೇ ಕೆಲಸಕ್ಕೆ ಕೂರಿಸಿ, ವಿದ್ಯಾರ್ಥಿವೇತನದ ಅರ್ಜಿ, ಹಾಸ್ಟೆಲಿನ ಅರ್ಜಿ, ಪಾಸಿನ ಅರ್ಜಿಗಳನ್ನು ಕಾಲೇಜಿನಲ್ಲಿಯೇ ತುಂಬಿಸಿ ಕಳಿಸುವಂತಾದರೆ ಸೈಬರ್ ಸೆಂಟರಿನ ಸಾಲು ಕರಗುತ್ತದೆ. ಪ್ರಾಂಶುಪಾಲರ ಕೈಯಲ್ಲಿ ಒಂದು ಸಣ್ಣ ನಿಧಿಯಿದ್ದು, ತುರ್ತಾದಾಗ ಪರೀಕ್ಷಾಶುಲ್ಕವನ್ನೋ ಒಂದು ತಿಂಗಳ ಬಾಡಿಗೆಯನ್ನೋ ಅದರಿಂದ ಕೊಟ್ಟು, ವೇತನ ಬಂದಾಗ ಹಿಂದಕ್ಕೆ ಪಡೆಯುವ ಅಧಿಕಾರವಿದ್ದರೆ ಎಷ್ಟೋ ಓದುಗಳು ಉಳಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಬಿಸಿಯೂಟವನ್ನು ಪದವಿ ಕಾಲೇಜಿನವರೆಗೆ ಬೆಳೆಸಬೇಕು, ಮತ್ತು ಅದು ಎಲ್ಲರಿಗೂ ಇರಬೇಕು. ಬಡವರಿಗೆ ಮಾತ್ರ ಎಂದು ಪಟ್ಟಿಮಾಡಿದರೆ, ಹದಿನೆಂಟರ ವಯಸ್ಸಿನ ಅಭಿಮಾನವು ಹಸಿವೆಯನ್ನು ಸಹಿಸುವುದೇ ಹೊರತು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ವಾರದ ಹುಡುಗರ ಜಗಲಿಯನ್ನು ಹೊಸ ರೂಪದಲ್ಲಿ ಕಟ್ಟುವುದು ನಮ್ಮ ಉದ್ದೇಶವಾಗಬಾರದು.

ಹಣವೆಲ್ಲಿದೆ ಎಂದು ಕೇಳುವವರು ಲ್ಯಾಪ್‌ಟಾಪ್ ವಿತರಣೆಗೂ ಸ್ಮಾರ್ಟ್ ಬೋರ್ಡಿಗೂ ಹಣ ದೊರೆತದ್ದೆಲ್ಲಿಂದ ಎಂಬುದನ್ನು ಹೇಳಲಿ. ಅವು ಬೇಡವೆಂದಲ್ಲ; ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಮುಡಿಸುವ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು ಇಂಥ ಸಂದರ್ಭಕ್ಕೇ. ಬೆಂಗಳೂರಿನಲ್ಲಿ 2017ರಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಡುವುದು ಸಾಧ್ಯವೆಂದು ಸರ್ಕಾರವೇ ತೋರಿಸಿಕೊಟ್ಟಿತು. ಅಂಥ ಅಡುಗೆಮನೆಯೊಂದು ಕಾಲೇಜಿನ ಆವರಣಕ್ಕೆ ಬರಲಾರದೆನ್ನಲು ಕಾರಣ ಕಾಣದು. ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಅಧ್ಯಾಪಕರೂ ದಾನಿಗಳೂ ಕೂಡಿ ಸದ್ದಿಲ್ಲದೆ ಮಧ್ಯಾಹ್ನದ ಅನ್ನಸಾರನ್ನು ನಡೆಸಿಕೊಂಡು ಬರುತ್ತಿದ್ದಾರೆ. ಆದೇಶ ಬರಲೆಂದು ಅವರು ಕಾಯಲಿಲ್ಲ.

ಸರ್ಕಾರವು ಎಚ್ಚರಗೊಳ್ಳುವ ತನಕ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಬೆಳ್ಳಿಹಬ್ಬ, ಚಿನ್ನದಹಬ್ಬಗಳು ಬಂದಾಗ ತಾವು ಓದಿದ ಕಾಲೇಜಿಗೆ ಸ್ವಾಗತ ಕಮಾನನ್ನೋ ಬಯಲು ರಂಗಮಂದಿರವನ್ನೋ ಕಟ್ಟಿಸಿ ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೊರೆಸುವ ಸಂಪ್ರದಾಯ ನಮ್ಮ ಸಂಘಗಳಲ್ಲಿ ಬೆಳೆದುಬಂದಿದೆ. ಈ ವರ್ಷ ತಮ್ಮ ಸಂಘವು ಸಭೆ ಸೇರಿದಾಗ, ಆ ಹಣದಲ್ಲಿ ಎಷ್ಟು ಮಂದಿಗೆ ಎಷ್ಟು ತಿಂಗಳು ಮಧ್ಯಾಹ್ನದ ಊಟ ನಡೆಯುತ್ತದೆಂದು ಖಜಾಂಚಿಯವರಿಂದ ಲೆಕ್ಕ ಹಾಕಿಸಿ, ಪ್ರಾಂಶುಪಾಲರನ್ನು ಕಂಡು, ಮೊದಲನೆಯ ಸೆಮಿಸ್ಟರು ಮುಗಿಯುವುದರೊಳಗಾಗಿ ಅಡುಗೆ ಆರಂಭಿಸಿ. ಕಮಾನು ಮುಂದಿನ ಹಬ್ಬಕ್ಕೆ ಆದೀತು.